ಕಾರ್ತಿಕದ ಹಸಿವಿಗೆ ಬಸ್ಸಿನ ಚೀಟಿ ಮದ್ದೇ?

ಬಾಂಗ್ಲಾದೇಶದ ಉತ್ತರಕ್ಕಿರುವ ರಂಗಪುರ ಸೀಮೆಯಲ್ಲಿ ಆಶ್ವಯುಜ, ಕಾರ್ತಿಕ ಮಾಸಗಳ ಹಸಿವಿಗೆ ‘ಮೊಂಗಾ’ ಎಂಬ ಹೆಸರೇ ಇದೆ. ಮಳೆಗಾಲದ ‘ಅಮನ್’ ಭತ್ತದ ನಾಟಿ ಮುಗಿದು ಕೊಯ್ಲು ಬರುವವರೆಗೆ ಭೂಮಿಯಿಲ್ಲದವರಿಗೆ ಕೂಲಿ ಸಿಗುವುದಿಲ್ಲ. ಕೆಸುವಿನ ದಂಟು ಬೇಯಿಸಿ ಹೊತ್ತು ಕಳೆಯುವ ಮನೆಗಳಿವೆ. ಆ ದಿನಗಳಲ್ಲಿ ಪಟ್ಟಣಕ್ಕೆ ದುಡಿಯಲು ಹೋಗುವವರಿಗೆ ದಾರಿಖರ್ಚು ಕೊಡುವುದು ಸರಿಯಾದ ಪರಿಹಾರವೇ?

ಪರ

ಮೊಂಗಾ ಮೂಲತಃ ಅಕ್ಕಿಯ ಬರವಲ್ಲ, ಕೂಲಿಯ ಬರ. ಅಂಗಡಿಯಲ್ಲಿ ಅಕ್ಕಿ ಇದ್ದರೂ ಕೊಳ್ಳಲು ಕಾಸಿರುವುದಿಲ್ಲ. ಅದೇ ಹೊತ್ತಿಗೆ ಢಾಕಾದಲ್ಲಿ ರಿಕ್ಷಾ ತುಳಿಯುವ, ಇಟ್ಟಿಗೆ ಹೊರುವ ಕೆಲಸವಿರುತ್ತದೆ. 1998ರಲ್ಲಿ ಜಮುನಾ ಸೇತುವೆ ತೆರೆದ ಮೇಲೆ ದಾರಿಯೂ ಸುಗಮವಾಗಿದೆ. ಆದರೂ ಹೊರಡದಿರುವುದಕ್ಕೆ ಕಾರಣ ಸೋಮಾರಿತನವಲ್ಲ, ಲೆಕ್ಕಾಚಾರ: ಕೆಲಸ ಸಿಗದೆ ಬರಿಗೈಲಿ ಮರಳಿದರೆ ಬಸ್ಸಿಗೆ ಕೊಟ್ಟ ಹಣದಷ್ಟು ಅನ್ನವೂ ಮನೆಯವರಿಗೆ ತಪ್ಪುತ್ತದೆ. 2008ರಲ್ಲಿ ಕುರಿಗ್ರಾಮ್ ಮತ್ತು ಲಾಲ್‌ಮೊನಿರ್‌ಹಾಟ್ ಜಿಲ್ಲೆಗಳ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞರು ನಡೆಸಿದ ಪ್ರಯೋಗದಲ್ಲಿ ಸುಮಾರು 600 ಟಾಕಾ ಕೈಗಿತ್ತದ್ದೇ ಹೊರಡುವವರ ಪ್ರಮಾಣ ಗಣನೀಯವಾಗಿ ಏರಿತು. ಹೋದವರ ಮನೆಯಲ್ಲಿ ಊಟ ಹೆಚ್ಚಿತು. ಹಣ ನಿಲ್ಲಿಸಿದ ಮರುವರ್ಷವೂ ಹಲವರು ತಾವಾಗಿಯೇ ಹೊರಟರು. ಇದು ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟುವ ನಮ್ಮ ರಾಯಚೂರು, ಯಾದಗಿರಿಯ ಗುಳೆಯಂಥದ್ದಲ್ಲ. ಹೋಗುವವನು ಬಹುಮಟ್ಟಿಗೆ ಒಬ್ಬ ಗಂಡಸು.

ವಿರೋಧ

ಆ ‘ಒಬ್ಬ ಗಂಡಸು’ ಹೋದ ಮೇಲೆ ಉಳಿದವರ ಪಾಡೇನು ಎಂಬುದನ್ನು ಊಟದ ಲೆಕ್ಕವೊಂದೇ ಹೇಳಲಾರದು. ಅಲ್ಲದೆ ನೂರು ಹಳ್ಳಿಗಳಲ್ಲಿ ಫಲಿಸಿದ್ದು ದೊಡ್ಡದಾಗಿ ಹರಡಿದಾಗ ಕೈಕೊಟ್ಟಿತು: 2017ರ ವಿಸ್ತೃತ ಯೋಜನೆಯಿಂದ ವಲಸೆಯೂ ಹೆಚ್ಚಲಿಲ್ಲ, ಆದಾಯವೂ ಹೆಚ್ಚಲಿಲ್ಲ; 2019ರಲ್ಲಿ ಅದನ್ನು ನಡೆಸುತ್ತಿದ್ದ ಸಂಸ್ಥೆಯೇ ನಿಲ್ಲಿಸಿತು. ತಪ್ಪನ್ನು ಒಪ್ಪಿಕೊಂಡ ಆ ಪ್ರಾಮಾಣಿಕತೆಯನ್ನು ಮೆಚ್ಚಬೇಕು, ಪರಿಹಾರವನ್ನಲ್ಲ.

ಕೆಲಸವನ್ನೇ ಊರಿಗೆ ತರುವ ದಾರಿ ಗದ್ದೆಯಲ್ಲಿಯೇ ಇದೆ. ಸುಮಾರು 118 ದಿನಗಳಲ್ಲಿ ಕಟಾವಿಗೆ ಬರುವ ಬ್ರಿ ಧಾನ್ 33ರಂಥ ಅಲ್ಪಾವಧಿ ಭತ್ತದ ತಳಿ ಬೆಳೆದರೆ ಕೊಯ್ಲಿನ ಕೂಲಿ ಮೊಂಗಾದ ನಡುವೆಯೇ ಸಿಗುತ್ತದೆ, ತೆರವಾದ ಗದ್ದೆಯಲ್ಲಿ ಆಲೂಗಡ್ಡೆಯನ್ನೂ ಬೇಗ ಹಾಕಬಹುದು. ಗದ್ದೆಯೇ ಇಲ್ಲದ ಚರಗಳ, ಅಂದರೆ ನದಿಯ ಮರಳುದಿಬ್ಬಗಳ ಜನಕ್ಕೆ ಇದು ಸಾಲದು, ನಿಜ. ಆದರೆ ಬಸ್ಸಿನ ಚೀಟಿ ಅವರಿಗೆ ಇನ್ನೂ ಕಡಿಮೆ. ಬ್ರಹ್ಮಪುತ್ರ, ತೀಸ್ತಾ ನದಿಗಳು ದಡ ಕೊರೆಯುವಾಗ ಗುಡಿಸಲಿನ ತಗಡು ಬಿಚ್ಚಿ, ಮೇಕೆಯನ್ನೂ ಮಕ್ಕಳನ್ನೂ ದೋಣಿಗೆ ಹತ್ತಿಸಬೇಕಾದವಳು ಊರಲ್ಲಿ ಉಳಿದ ಹೆಂಗಸು. ಆ ಹೊತ್ತಿಗೆ ಅವಳ ಗಂಡ ಢಾಕಾದಲ್ಲಿರುತ್ತಾನೆ.