ನಾನು ಯಾರ ಸುದ್ದಿಗೂ ಹೋಗೋನಲ್ಲ

"ನಾನು ಯಾರ ಸುದ್ದಿಗೂ ಹೋಗೋನಲ್ಲಪ್ಪ" ಅಂತ ಯಾರಾದರೂ ಮಾತು ಶುರು ಮಾಡಿದರೆ ನಾನು ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಇಡೀ ಬೀದಿಯ ಸುದ್ದಿ ಬರುತ್ತೆ ಅಂತಲೇ ಅರ್ಥ.

'ದಿ ಗ್ರೇಟ್ ಗ್ಯಾಟ್ಸ್‌ಬಿ' ಶುರುವಾಗೋದೂ ಹೀಗೇ. ಎಫ್. ಸ್ಕಾಟ್ ಫಿಟ್ಸ್‌ಜೆರಾಲ್ಡ್ ಬರೆದ ಈ ಕಾದಂಬರಿ ಬಂದದ್ದು 1925ರಲ್ಲಿ. ಕತೆ ಹೇಳುವವನು ನಿಕ್ ಕ್ಯಾರವೇ. ಯಾರ ಬಗ್ಗೆಯೂ ತಟ್ಟನೆ ತೀರ್ಪು ಕೊಡುವವನಲ್ಲ ನಾನು, ಅಪ್ಪ ಹೇಳಿಕೊಟ್ಟದ್ದು ಹಾಗೆ, ಅಂತ ಆರಂಭದಲ್ಲೇ ಹೇಳಿಕೊಳ್ಳುತ್ತಾನೆ. ಆಮೇಲೆ ನೋಡಿ. ನೆಂಟರ ಹುಡುಗಿ ಡೇಸಿಯ ಗಂಡ ಟಾಮ್ ಬುಕಾನನ್‌ನ ಮೈಕಟ್ಟಿನಲ್ಲೇ ಅವನಿಗೆ ಕ್ರೌರ್ಯ ಕಾಣುತ್ತೆ. ಡೇಸಿಯ ಗೆಳತಿ ಜೋರ್ಡನ್ ಬೇಕರ್ ವಾಸಿಯಾಗದ ಸುಳ್ಳುಬುರುಕಿ. ತಾನು ಮಾತ್ರ, ತಾನು ಕಂಡ ಕೆಲವೇ ಪ್ರಾಮಾಣಿಕರಲ್ಲಿ ಒಬ್ಬ! ಈ ಸರ್ಟಿಫಿಕೇಟನ್ನು ಅವನು ತನಗೇ ಕೊಟ್ಟುಕೊಳ್ಳುವುದು ಯಾವಾಗ ಗೊತ್ತಾ? ಊರಿನಲ್ಲಿ ಒಬ್ಬ ಹುಡುಗಿಗೆ ವಾರಕ್ಕೊಂದು ಪತ್ರ ಬರೆದು, ಕೊನೆಗೆ 'ಪ್ರೀತಿಯಿಂದ, ನಿಕ್' ಅಂತ ಸಹಿ ಹಾಕುತ್ತಾ, ಇದನ್ನು ಮೆಲ್ಲಗೆ ಮುಗಿಸೋದು ಹೇಗೆ ಅಂತ ಯೋಚಿಸುತ್ತಿರುವಾಗ.

ಕಾಲೇಜಿನಲ್ಲಿ ನಾವು ಓದಿದ ಗೈಡ್‌ನಲ್ಲಿ ನಿರೂಪಕ, ಪಾತ್ರ, ವಸ್ತು ಅಂತ ಮೂರು ಬೇರೆ ಬೇರೆ ಪ್ರಶ್ನೆ ಇದ್ದವು. ಹಸಿರು ದೀಪ ಅಂದರೆ ಗ್ಯಾಟ್ಸ್‌ಬಿಯ ಆಸೆ, ವಸ್ತು ಅಂದರೆ ಅಮೆರಿಕನ್ ಕನಸು, ಮುಗೀತು. ನಾನೂ ಹಾಗೇ ಬರೆದು ಪಾಸಾದೆ. ಈಗ ಓದಿದರೆ ಅವು ಮೂರೂ ಒಂದೇ ಗಂಟು ಅನ್ನಿಸುತ್ತೆ. ಗ್ಯಾಟ್ಸ್‌ಬಿ ನಮಗೆ ಕಾಣುವುದೇ ಪಕ್ಕದ ಮನೆಯವನ ಕಣ್ಣಲ್ಲಿ ಅಲ್ವಾ?

ಲಾಂಗ್ ಐಲೆಂಡಿನ ವೆಸ್ಟ್ ಎಗ್‌ನಲ್ಲಿ ನಿಕ್‌ನ ಬಾಡಿಗೆ ಮನೆ, ತಿಂಗಳಿಗೆ 80 ಡಾಲರ್. ಪಕ್ಕದಲ್ಲೇ ಅದ್ದೂರಿ ಪಾರ್ಟಿ ಕೊಡುವ ಶ್ರೀಮಂತ ಗ್ಯಾಟ್ಸ್‌ಬಿಯ ಬಂಗಲೆ. ಶುಕ್ರವಾರ ಐದು ಪೆಟ್ಟಿಗೆ ಕಿತ್ತಳೆ, ನಿಂಬೆ ಒಳಗೆ ಹೋಗುತ್ತವೆ. ಸೋಮವಾರ ಅವೇ ಹಣ್ಣಿನ ಸಿಪ್ಪೆಗಳು ಹಿಂದಿನ ಬಾಗಿಲಲ್ಲಿ ಗುಡ್ಡೆ. ಪಕ್ಕದ ಮನೆಯ ಕಸ ಇಷ್ಟು ಸರಿಯಾಗಿ ಲೆಕ್ಕ ಇಟ್ಟವನು ಯಾರ ಸುದ್ದಿಗೂ ಹೋಗೋನಲ್ವಂತೆ! ಅಷ್ಟೇ ಅಲ್ಲ, ಆ ಬೇಸಿಗೆಯಲ್ಲಿ ಅಲ್ಲಿನ ಪಾರ್ಟಿಗಳಿಗೆ ಬಂದವರ ಹೆಸರುಗಳನ್ನು ಒಂದು ಟೈಮ್‌ಟೇಬಲ್‌ನ ಖಾಲಿ ಜಾಗದಲ್ಲಿ ಬರೆದಿಟ್ಟಿದ್ದಾನೆ. ಮಡಿಕೆ ಮಡಿಕೆಯಲ್ಲೂ ಹರಿಯುತ್ತಿರುವ ಆ ಹಾಳೆಯ ಮೇಲೆ 1922ರ ಜುಲೈ 5ರ ತಾರೀಕು.

ಈ ಪಟ್ಟಿ ಮೊದಲ ಸಲ ಓದುವಾಗ ಬರೀ ತಮಾಷೆ. ಆದರೆ ಗ್ಯಾಟ್ಸ್‌ಬಿ ಸತ್ತ ಮೇಲೆ, ಅವನ ಮದ್ಯ ಕುಡಿದು ಅವನ ಬಗ್ಗೆಯೇ ಗುಸುಗುಸು ಆಡಿದ ಆ ನೂರಾರು ಜನರಲ್ಲಿ ಮಣ್ಣಿಗೆ ಬಂದವನು ದಪ್ಪ ಕನ್ನಡಕದ ಒಬ್ಬನೇ ಅಂತ ಗೊತ್ತಾದಾಗ, ಅದೇ ಹಾಜರಿ ಪುಸ್ತಕ ಆಗಿಬಿಡುತ್ತೆ. ಬಂಗಲೆಯಲ್ಲೇ ಠಿಕಾಣಿ ಹೂಡಿದ್ದ ಕ್ಲಿಪ್‌ಸ್ಪ್ರಿಂಗರ್ ಅಂತೂ ಫೋನ್ ಮಾಡಿದ್ದು ತನ್ನ ಟೆನಿಸ್ ಶೂ ಕಳಿಸಿಕೊಡಿ ಅಂತ. ವಿಳಾಸ ಹೇಳುತ್ತಿದ್ದಂತೆ ನಿಕ್ ಫೋನ್ ಇಟ್ಟುಬಿಡುತ್ತಾನೆ. ನನಗಂತೂ ಖುಷಿಯಾಯಿತು.

ಆದರೂ ನಿಕ್ ಮೇಲೆ ನನಗೊಂದು ಸಿಟ್ಟಿದೆ. ಟಾಮ್‌ನ ಪ್ರೇಯಸಿ ಮರ್ಟಲ್‌ಗೆ ಗುದ್ದಿ ಕೊಂದ ಗ್ಯಾಟ್ಸ್‌ಬಿಯ ಕಾರನ್ನು ಓಡಿಸುತ್ತಿದ್ದವಳು ಡೇಸಿ. ಇದು ನಿಕ್‌ಗೆ ಗೊತ್ತು. ಗ್ಯಾಟ್ಸ್‌ಬಿಯೇ ಓಡಿಸುತ್ತಿದ್ದ ಅಂತ ನಂಬಿರುವ ಟಾಮ್ ಅಕ್ಟೋಬರ್ ಕೊನೆಯಲ್ಲಿ ಫಿಫ್ತ್ ಅವೆನ್ಯೂನಲ್ಲಿ ಎದುರಿಗೇ ಸಿಗುತ್ತಾನೆ. ಹೇಳಲಿಲ್ಲ ಪುಣ್ಯಾತ್ಮ! ಕೈ ಕುಲುಕಿ ಕಳಿಸಿದ. ಎಲ್ಲರ ಬಗ್ಗೆ ನಮ್ಮ ಕಿವಿಯಲ್ಲಿ ಇಷ್ಟೆಲ್ಲ ಹೇಳಿದವನು, ಹೇಳಲೇಬೇಕಾದ ಕಡೆ ಬಾಯಿ ಬಿಡಲಿಲ್ಲ. ನಮ್ಮಲ್ಲೂ ಸುದ್ದಿಗೆ ಹೋಗದವರು ಇದನ್ನೇ ಮಾಡುತ್ತಾರೆ. ಕಟ್ಟೆಯ ಮೇಲೆ ಎಲ್ಲ ಹೇಳಿ, ಪಂಚಾಯಿತಿಯಲ್ಲಿ ನೆಲ ನೋಡುತ್ತಾರೆ.

ಊರು ಬಿಡುವ ಹಿಂದಿನ ರಾತ್ರಿ ನಿಕ್ ಇನ್ನೊಂದು ಸಲ ಆ ಬಂಗಲೆ ನೋಡಲು ಹೋಗುತ್ತಾನೆ. ಬಿಳಿ ಮೆಟ್ಟಿಲ ಮೇಲೆ ಯಾವನೋ ಹುಡುಗ ಇಟ್ಟಿಗೆ ಚೂರಿನಿಂದ ಒಂದು ಕೆಟ್ಟ ಮಾತು ಗೀಚಿದ್ದಾನೆ. ಬೆಳದಿಂಗಳಿಗೆ ಎದ್ದು ಕಾಣುತ್ತಿದೆ. ನಿಕ್ ಅದನ್ನು ಶೂನಿಂದ ಗರಗರ ಉಜ್ಜಿ ಅಳಿಸುತ್ತಾನೆ. ಆ ಮಾತು ಏನು ಅಂತ ಮಾತ್ರ ನಮಗೆ ಹೇಳುವುದಿಲ್ಲ.