ಶುಕ್ರವಾರ ಸಂಜೆ 6ಕ್ಕೆ ನೆಮ್ಮದಿ ಕ್ಲಾಸು

ನಿನ್ನೆ ಸಂಜೆ 6ಕ್ಕೆ, ಅದೂ ಶುಕ್ರವಾರ, ಆಫೀಸಲ್ಲಿ ‘ಬರ್ನ್‌ಔಟ್ (ಅಂದ್ರೆ ದುಡಿದೂ ದುಡಿದೂ ಬಸವಳಿಯೋದು) ತಡೆಯೋದು ಹೇಗೆ’ ಅಂತ ಕಂಪಲ್ಸರಿ ಸೆಷನ್ ಇಟ್ರು ಮಾರಾಯ್ರೆ, ಕ್ಯಾಮೆರಾ ಬೇರೆ ಆನ್ ಇರ್ಬೇಕಂತೆ! ಕಣ್ಮುಚ್ಚಿ ಉಸಿರು ಎಳ್ಕೊಳ್ಳಿ ಅಂತ ಆಯಮ್ಮ ಹೇಳ್ತಿದ್ರೆ ಇತ್ಲಾಗೆ ಮ್ಯಾನೇಜರ್ ಪಿಂಗು ಟುಂಯ್ ಟುಂಯ್, ‘ಕ್ವಿಕ್ ಕಾಲ್?’ ಅಂತ. ಎಳ್ಕೊಂಡ ಉಸಿರು ಬಿಡೋಕೂ ಅಪ್ರೂವಲ್ ಬೇಕಾ? ಬರ್ನ್‌ಔಟ್ ಕೆಲಸದ ಒತ್ತಡದಿಂದ ಬರೋದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿಯಾಯ್ತು, ಇವ್ರು ನೋಡಿದ್ರೆ ನೀರು ಕುಡೀರಿ, ಡೈರಿ ಬರೀರಿ ಅಂತಾರೆ. ಆಮೇಲೊಂದು ಸರ್ವೇ, ಹೆಸರು ಬೇಡ್ವಂತೆ, ಮೊದಲ್ನೇ ಕಾಲಮ್ಮೇ ಎಂಪ್ಲಾಯಿ ಐಡಿ! ರಜೆ ಕೇಳಿದ್ರೆ ಮಾತ್ರ ‘ರಿಲೀಸ್ ಆಗ್ಲಿ’. ಯಾವ್ದು ಸ್ವಾಮಿ, ನಂದಾ? ರಾತ್ರಿ ಸಿಲ್ಕ್ ಬೋರ್ಡಲ್ಲಿ ಕ್ಯಾಬ್ ಸಿಕ್ಕಾಕ್ಕೊಂಡಿದ್ದಾಗ ಮೇಲ್ ಬಂತು: ಸೆಷನ್ ಫೀಡ್‌ಬ್ಯಾಕ್ ಬಾಕಿ, ರಿಮೈಂಡರ್ 3.