ಸತ್ಯಾಂಶ: ಐರನ್ ಕ್ರಾಸ್ ಹಿಟ್ಲರ್ ಹುಟ್ಟುಹಾಕಿದ್ದಲ್ಲ

"ಹೆವಿ ಮೆಟಲ್ ಹಾಡುಗಳೆಲ್ಲ ಯುದ್ಧವನ್ನು ಹೊಗಳುತ್ತವೆ. ಅಭಿಮಾನಿಗಳ ಜಾಕೆಟ್ ಮೇಲಿನ ಐರನ್ ಕ್ರಾಸ್ ಹಿಟ್ಲರ್ ಮಾಡಿಸಿದ ಪದಕ." ಅಬ್ಬರದ ರಾಕ್ ಸಂಗೀತವಾದ ಹೆವಿ ಮೆಟಲ್ ಬಗ್ಗೆ ಇಂಥ ಮೆಸೇಜ್ ಆಗಾಗ ಓಡಾಡುತ್ತಿರುತ್ತದೆ. ಎರಡೂ ಮಾತು ತಪ್ಪು.

ಶಿಲುಬೆಯ ಆಕಾರದ ಈ ಸೇನಾ ಪದಕ ಶುರುವಾಗಿದ್ದು 1813ರಲ್ಲಿ, ಹಿಟ್ಲರ್ ಹುಟ್ಟುವುದಕ್ಕೂ 76 ವರ್ಷ ಮೊದಲು. ನೆಪೋಲಿಯನ್ ವಿರುದ್ಧದ ಯುದ್ಧದಲ್ಲಿ ಪ್ರಷ್ಯಾ ಎಂಬ ಜರ್ಮನ್ ರಾಜ್ಯದ ರಾಜ ಮೂರನೇ ಫ್ರೆಡ್ರಿಕ್ ವಿಲ್ಹೆಲ್ಮ್ ಇದನ್ನು ಜಾರಿಗೆ ತಂದ. ಕಪ್ಪು ಕಬ್ಬಿಣ, ಸುತ್ತ ಬೆಳ್ಳಿಯ ಅಂಚು, ಅಷ್ಟೇ. ಅಧಿಕಾರಿಗೂ ಸಾಮಾನ್ಯ ಸಿಪಾಯಿಗೂ ಒಂದೇ ಪದಕ. ಆ ಕಾಲಕ್ಕೆ ಅದು ದೊಡ್ಡ ವಿಷಯ. 1870 ಮತ್ತು 1914ರಲ್ಲಿ ಮತ್ತೆ ಕೊಟ್ಟರು. 1939ರಲ್ಲಿ ಹಿಟ್ಲರ್ ಅದರ ನಡುವೆ ನಾಜಿ ಸ್ವಸ್ತಿಕ ಸೇರಿಸಿದ.

ಹಾಗಾಗಿ ನೋಡಬೇಕಾದದ್ದು ಪದಕದ ನಡುಭಾಗ. ಅಲ್ಲಿ ಆ ಗುರುತಿದ್ದರೆ ಅದು ನಾಜಿ ಕಾಲದ್ದೇ, ಅದನ್ನು ಸುಮ್ನೆ ಫ್ಯಾಷನ್ ಅನ್ನಲಾಗದು. ಬರೀ ಶಿಲುಬೆಯಾದರೆ ಅಷ್ಟರಿಂದಲೇ ಅದನ್ನು ನಾಜಿ ಗುರುತು ಅನ್ನಲಾಗದು. ಅದೇ ಆಕಾರದಿಂದ ಬಂದ ಗುರುತು ಇಂದಿನ ಜರ್ಮನ್ ಸೇನೆಯ ವಿಮಾನಗಳ ಮೇಲೂ ಇದೆ.

ಇನ್ನು ಹಾಡುಗಳು. ಶೌರ್ಯವನ್ನು ಮೆರೆಸುವ ಮೆಟಲ್ ಹಾಡುಗಳೂ ಇವೆ, ನಿಜ. ಆದರೆ ಹೆಸರಾಂತವುಗಳನ್ನೇ ಕೇಳಿ ನೋಡಿ. ಬ್ಲ್ಯಾಕ್ ಸಬ್ಬತ್ ಬ್ಯಾಂಡ್‌ನ 'ವಾರ್ ಪಿಗ್ಸ್' (1970) ಬೈಯುವುದು ಯುದ್ಧ ಹಚ್ಚಿ ತಾವು ಬಚ್ಚಿಟ್ಟುಕೊಳ್ಳುವ, ಬಡವರನ್ನು ಸಾಯಲು ಕಳಿಸುವ ರಾಜಕಾರಣಿಗಳನ್ನು. ಮೆಟಾಲಿಕಾ ಬ್ಯಾಂಡ್‌ನ 'ಒನ್' (1988) ಕೈಕಾಲು, ಕಣ್ಣು, ಕಿವಿ, ಮಾತು ಎಲ್ಲ ಕಳೆದುಕೊಂಡ ಸೈನಿಕನ ಹಾಡು. ಅವನು ಬೇಡುವುದು ಪದಕವನ್ನಲ್ಲ, ಸಾವನ್ನು.